ಬಿಸಿಲಿಗೆ ಹರವಿದ ಮಣ್ಣು

ತಾರಸಿಯ ಮೇಲೆ ಹರವಿದ್ದ ಮಣ್ಣಿಗೆ ಟಾರ್ಪಾಲು ಹೊದಿಸಿ, ಮೂಲೆಗಳಿಗೆ ಇಟ್ಟಿಗೆ ಹೇರುತ್ತ ಚಿಕ್ಕಮುನಿಯಮ್ಮ ಸತ್ತವಳನ್ನು ಬಾಯಿ ತುಂಬ ಬೈಯುತ್ತಿದ್ದಳು.

“ಮಣ್ಣೆಲ್ಲಾ ಇಂಗೆ ಅರವಾಕ್ಬುಟ್ಟು ಓಗ್ಬುಡಾದೇನೇ? ಸಾಯಾಕೆ ಬ್ಯಾರೆ ದಿನ ಸಿಕ್ಲಿಲ್ವಾ ನಿಂಗೆ? ಮಳೆ ಬಂದ್ರೆ ಇದೆಲ್ಲಾ ನನ್ ಪೈಪ್‌ಗೇ ಬರಾದು!”

ಬೈಗುಳದ ನಡುನಡುವೆ ಸೆರಗಿನಿಂದ ಮೂಗು ಒರೆಸಿಕೊಳ್ಳುವುದೂ ನಡೆದಿತ್ತು. ಬಾಗಲಗುಂಟೆಯ ಆ ವಠಾರದ ಒಡತಿ ಅವಳು. ಸತ್ತ ಹೊಳೆವ್ವ ಕೆಳಗಿನ ಮೂಲೆ ರೂಮಿನ ಬಾಡಿಗೆಯವಳು. ಈ ತಾರಸಿಗಾಗಿ ಇಬ್ಬರೂ ಜಗಳವಾಡದ ವಾರವಿರಲಿಲ್ಲ. ಯುಗಾದಿ ಕಳೆದು ಹೀರೆ, ಸೌತೆ ಬಳ್ಳಿಗಳು ಒಣಗಿದ ಮೇಲೆ ಹೊಳೆವ್ವ ಪ್ರತಿವರ್ಷ ತನ್ನ ಪೇಂಟಿನ ಬಕೆಟ್ಟುಗಳನ್ನೆಲ್ಲ ಬೋರಲು ಹಾಕಿ ಮಣ್ಣನ್ನು ಬಿಸಿಲಿಗೆ ಒಡ್ಡುವಳು. ಹುಳ, ಬೇರಿನ ಗಂಟು ಎಲ್ಲ ಸುಟ್ಟುಹೋಗಬೇಕು. ಆಮೇಲೆ ಸಗಣಿಗೊಬ್ಬರ, ಬೇವಿನ ಹಿಂಡಿ ಕಲಸಿ, ರೋಹಿಣಿ ಮಳೆಗೆ ಮುಂಚೆ ಮತ್ತೆ ತುಂಬಬೇಕು. ನಿನ್ನೆ ಕೊನೆಯ ಬಕೆಟ್ಟು ಬೋರಲು ಹಾಕಿ, ಸುಸ್ತಾಯಿತೆಂದು ನೀರಿನ ಟ್ಯಾಂಕಿನ ನೆರಳಲ್ಲಿ ಕೂತವಳು ಏಳಲೇ ಇಲ್ಲ.

ಕೆಳಗೆ ಅಂಗಳದಲ್ಲಿ ಹೆಣ ಮಲಗಿಸಿದ್ದರು. ಮಗಳು ಭಾಗ್ಯಶ್ರೀ ಒದ್ದೆ ಬಟ್ಟೆಯಿಂದ ಅವ್ವನ ಉಗುರುಸಂದಿಯ ಮಣ್ಣು ತೆಗೆಯುತ್ತಿದ್ದಳು. ಅದು ಹೋಗುತ್ತಿರಲಿಲ್ಲ. ಹೊಳೆವ್ವನ ಗಂಡ ಮಲಕಪ್ಪ ತಲೆದೆಸೆಯಲ್ಲಿ ಮಂಕು ಬಡಿದವನಂತೆ ಕೂತಿದ್ದ.

“ಊರಿಗೆ ಒಯ್ಯೂದಿಲ್ಲೇನೋ?” ಎಂದು ಅವರ ಊರಿನವನೇ ಆದ ಹಿರಿಯ ಭೀಮಪ್ಪ ಕೇಳಿದ.

“ಯಾವ ಊರಿಗೆ ಮಾವ? ಊರ ಮ್ಯಾಲ ಡ್ಯಾಮಿನ ನೀರು ನಿಂತೈತಿ.” ಮಲಕಪ್ಪ ಹೆಂಡತಿಯ ಮುಖದಿಂದ ಕಣ್ಣು ಕೀಳಲಿಲ್ಲ. “ಆದ್ರ ಆಕಿ ಒಂದು ಮಾತು ಹೇಳಿದ್ಲು. ‘ಎಲ್ಲರೆ ಮಣ್ಣು ಮಾಡ್ರಿ, ಮೆತ್ತನ್ನ ಮಣ್ಣಾಗ ಮಾಡ್ರಿ. ಕಲ್ಲು ಚುಚ್ಚಬಾರ್ದು’ ಅಂತ. ಜನ್ಮದಾಗ ಆಕಿ ನನ್ನ ಕೇಳಿದ್ದು ಅದೊಂದ. ಅಷ್ಟರೆ ನಡಸಬೇಕು ನಾ.”

“ಸುಡುಗಾಡು ಅಂದಮ್ಯಾಲ ಮಣ್ಣಿಗೇನು ಬರ, ಬಿಡೋ,” ಎಂದ ಭೀಮಪ್ಪ.

*

ಹೊಳೆವ್ವ ಆ ರೂಮಿಗೆ ಬಂದಾಗ ತಾರಸಿಯ ಮೇಲೆ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ತುಮಕೂರು ರಸ್ತೆಯಲ್ಲಿ ಮೆಟ್ರೊ ಕಂಬಗಳಿಗೆ ಗುಂಡಿ ತೋಡುತ್ತಿದ್ದ ಕಾಲ ಅದು. ಗಾರ್ಮೆಂಟ್ಸಿನಿಂದ ಬರುವಾಗ ಊಟದ ಚೀಲದ ತುಂಬ ಅಲ್ಲಿಯ ಕೆಮ್ಮಣ್ಣು ತರುವಳು. ಹರಿದ ಸೊಳ್ಳೆ ಜಾಲರಿಯಲ್ಲಿ ಜರಡಿ ಹಿಡಿಯುವಳು. ತರಕಾರಿ ಸಿಪ್ಪೆ, ಚಹಾ ಚರಟ, ಬೀದಿ ದನಗಳ ಸಗಣಿ, ಏನು ಸಿಕ್ಕರೂ ಅದರ ಹೊಟ್ಟೆಗೆ ಹಾಕುವಳು. ಕೂಸಿಗೆ ಉಣಿಸಿದ ಹಾಗೆ ಮಣ್ಣಿಗೆ ಉಣಿಸಿದಳು.

“ನನ್ ತಾರ್ಸಿ ಮೋಲ್ಡ್ ಕುಸುದ್ರೆ ನಿಮ್ಮಪ್ಪ ಬಂದು ಕಟ್ಸ್‌ಕೊಡ್ತಾನಾ?” ಎಂದು ಚಿಕ್ಕಮುನಿಯಮ್ಮ ಕೆಳಗಿನಿಂದ ಕೂಗುತ್ತಿದ್ದಳು.

“ನಮ್ಮಪ್ಪ ಸತ್ತು ಭಾಳ ವರ್ಷಾತ್ರಿ ಅವ್ವಾರ. ಬಂದು ಕಟ್ಟಿದ್ರ ನನಗೂ ಹೇಳ್ರಿ, ನೋಡಾಕ ಬರ್ತೀನಿ.”

ಜಡಿಮಳೆಗೆ ಬೇರು ಕೊಳೆಯದಂತೆ ಬಕೆಟ್ಟುಗಳನ್ನು ಎತ್ತರಕ್ಕೆ ಇಡುವುದು, ಆಷಾಢದ ಗಾಳಿಗೆ ಬಳ್ಳಿಗಳನ್ನು ಹಳೆ ಸೀರೆಯ ಅಂಚಿನಿಂದ ಕಟ್ಟುವುದು, ಶ್ರಾವಣದಲ್ಲಿ ಅವರೆ ಬೀಜ ಊರುವುದು, ಎಲ್ಲ ಕೆಲಸಕ್ಕೂ ಕೆಳಗಿನಿಂದ ಬೈಗುಳದ ಹಿಮ್ಮೇಳ ತಪ್ಪಲಿಲ್ಲ.

ಒಂದು ಮಾಗಿಯ ಬೆಳಿಗ್ಗೆ ಅವರೆಯ ಸೊಗಡು ಮೆಟ್ಟಿಲಿಳಿದು ಬಂದು ಚಿಕ್ಕಮುನಿಯಮ್ಮನ ಮೂಗಿಗೆ ಬಡಿಯಿತು. ಬೈಯಬೇಕೆಂದೇ ಮೇಲೆ ಹತ್ತಿದವಳು ಬಳ್ಳಿಯ ಮುಂದೆ ನಿಂತುಬಿಟ್ಟಳು. ಒಂದು ಕಾಯಿ ಕಿತ್ತು ಮೂಸಿದಳು.

“ಇಲ್ಲೇ ಇತ್ತು ಕಣೇ ನಮ್ ಅವ್ರೆ ಒಲ. ನಿಮ್ ಕಕ್ಕಸ್ಸು ಐತಲ್ಲಾ, ಅಲ್ಲಿ ಬಾವಿ. ನಮ್ಮತ್ತೆ, ನಾನು, ಇಬ್ರೂ ಮಂಜಲ್ಲೇ ಕಾಯಿ ಕೀಳಾಕೆ ಬರ್ತಿದ್ವಿ. ಕೈಯೆಲ್ಲಾ ಎಣ್ಣೆ ಅಂಟ್ಕಳಾದು. ಎರಡು ದಿನ ತೊಳುದ್ರೂ ವಾಸ್ನೆ ಓಯ್ತಿರ್ಲಿಲ್ಲ.”

ಹೊಳೆವ್ವ ಅವಳ ಮಡಿಲಿಗೆ ಕಾಯಿ ಸುರಿದಳು. ಸೈಟು ಮಾಡಿ ಮಾರಿದ ಹೊಲ, ಸತ್ತ ಅತ್ತೆ, ಎಲ್ಲ ಒಟ್ಟಿಗೆ ನೆನಪಾಗಿ ಚಿಕ್ಕಮುನಿಯಮ್ಮನಿಗೆ ಅಳು ಒತ್ತರಿಸಿ ಬಂತು. ಮರುದಿನ ಮತ್ತೆ ಪೈಪಿನ ಜಗಳ ತೆಗೆದಳು, ಅದು ಬೇರೆ ಮಾತು.

*

ಸ್ಮಶಾನದಲ್ಲಿ ಜೆಸಿಬಿ ತೋಡಿಟ್ಟ ಗುಂಡಿಯೊಳಗೆ ಮಲಕಪ್ಪ ಇಣುಕಿದ. ಒಡೆದ ಟೈಲ್ಸು, ಕಾಂಕ್ರೀಟಿನ ಚೂರು, ಕಂಬಿ, ಪ್ಲಾಸ್ಟಿಕ್ಕು. ಯಾರ್ಯಾರದೋ ಕೆಡವಿದ ಮನೆಗಳನ್ನು ತಂದು ಸುರಿದ ಜಾಗ ಅದು.

“ಇಳಸಬ್ಯಾಡ್ರಿ,” ಎಂದ.

“ಹುಚ್ಚ ಹಿಡೀತೇನ ನಿನಗ? ಮಳಿ ಬರಾಕ್ಹತ್ತೈತಿ!” ಭೀಮಪ್ಪ ಗದರಿದ.

“ಬರ್ಲಿ. ಕಲ್ಲಾಗ ಹಾಕೂದಿಲ್ಲ ನಾ ಆಕಿನ್ನ.”

“ಅಂಕಲ್, ಬೇರೆ ಕಡೆ ತೋಡ್ಸಿದ್ರೂ ಇದೇ ಬರೋದು,” ಎಂದ ಚಿಕ್ಕಮುನಿಯಮ್ಮನ ಮಗ ಹರ್ಷವರ್ಧನ್. ಮಲಕಪ್ಪ ಗುಂಡಿಯ ಅಂಚಿನಲ್ಲಿ ಕುಕ್ಕರಿಸಿದ. ಯಾರು ಏನು ಹೇಳಿದರೂ ಅವನದು ಒಂದೇ ಹಟ. ಕೊನೆಗೆ ಹರ್ಷ ಪಕ್ಕಕ್ಕೆ ಹೋಗಿ ಮನೆಗೆ ಫೋನು ಮಾಡಿದ.

“ಅಮ್ಮಾ, ಬಾಡಿ ಇಳ್ಸಕ್ಕೆ ಬಿಡ್ತಿಲ್ಲ. ಬರೀ ಕಲ್ಲು ಇಲ್ಲಿ. ಒಳ್ಳೆ ಮಣ್ಣು ಬೇಕಂತೆ.”

ಆ ಕಡೆಯಿಂದ ಚಿಕ್ಕಮುನಿಯಮ್ಮ ಕೂಗಿದಳು, “ಗೂಡ್ಸ್ ಆಟೊ ಕಳ್ಸು. ಬಿರ್ನೆ.”

ಹೆಂಗಸರು ಸ್ಮಶಾನಕ್ಕೆ ಹೋಗದೆ ವಠಾರದಲ್ಲೇ ಉಳಿದಿದ್ದರು. ಚಿಕ್ಕಮುನಿಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೋಯುವ ಮಂಡಿ ಹಿಡಿದು ತಾರಸಿ ಹತ್ತಿದಳು. ಇಟ್ಟಿಗೆಗಳನ್ನು ಕಾಲಿಂದ ಒದ್ದು, ಟಾರ್ಪಾಲು ಕಿತ್ತೆಸೆದು, ಎರಡೂ ಕೈಯಿಂದ ಮಣ್ಣು ಬಾಚಿ ಬಕೆಟ್ಟಿಗೆ ತುಂಬತೊಡಗಿದಳು. ನೋಡನೋಡುತ್ತ ಉಳಿದ ಹೆಂಗಸರೂ ಮೆಟ್ಟಿಲ ಮೇಲೆ ಸಾಲುಗಟ್ಟಿ ಕೈಯಿಂದ ಕೈಗೆ ದಾಟಿಸಿದರು.

ರೂಮು ತೊಳೆಯುತ್ತಿದ್ದ ಭಾಗ್ಯಶ್ರೀ ಓಡಿ ಬಂದಳು. “ಆಂಟಿ, ಇದನ್ನ ಅವ್ವ ಈ ಸಲದ ಮಳಿಗಂತ...”

“ಗೊತ್ತು ಕಣಮ್ಮ. ಬೀಜ ಆಕಕ್ಕೆ ಅಂತ್ಲೇ ಮಾಡ್ಕಂಡಿದ್ಲು. ಈಗ ಅವ್ಳಿಗೇ ಬೇಕಾಯ್ತಲ್ಲ, ಏನ್ಮಾಡನ?” ಎನ್ನುತ್ತ ಚಿಕ್ಕಮುನಿಯಮ್ಮ ಗೊಳೋ ಎಂದು ಅತ್ತುಬಿಟ್ಟಳು. “ಜಗಳ ಆಡಕ್ಕಾದ್ರೂ ಇರ್ಬಾರ್ದಿತ್ತಾ ಇವ್ಳು!”

ಭಾಗ್ಯಶ್ರೀ ಅವಳ ಪಕ್ಕದಲ್ಲಿ ಕೂತು ಮಣ್ಣು ಬಾಚಿದಳು.

*

ಆಟೊ ಬಂದಾಗ ದಪ್ಪ ಹನಿಗಳು ಶುರುವಾಗಿದ್ದವು. ಮಲಕಪ್ಪ ಒಂದು ಹಿಡಿ ತೆಗೆದು ಹಿಸುಕಿದ, ಮೂಸಿದ. ಆ ಕೆಲಸ ಯಾರಿಗೂ ಬಿಡದೆ ತಾನೇ ಗುಂಡಿಗಿಳಿದ. ಮೇಲಿನಿಂದ ಹರ್ಷ ಬಕೆಟ್ಟು ಬಕೆಟ್ಟೇ ಇಳಿಸಿದ. ಮಲಕಪ್ಪ ಅದನ್ನು ಕಲ್ಲು, ಕಂಬಿಗಳ ಮೇಲೆ ದಪ್ಪಗೆ ಹರವಿದ. ತಲೆ ಬರುವ ಕಡೆ ತುಸು ಎತ್ತರ ಮಾಡಿದ. ಮಂಡಿಯೂರಿ, ಈ ತುದಿಯಿಂದ ಆ ತುದಿಯವರೆಗೆ ಅಂಗೈಯಿಂದ ಸವರಿದ.

“ಲಗೂನ ಮಾಡೋ,” ಎಂದ ಭೀಮಪ್ಪ. ಈಗ ಅವನ ದನಿಯಲ್ಲಿ ಗದರಿಕೆ ಇರಲಿಲ್ಲ.

ಮಲಕಪ್ಪನ ಬೆರಳಿಗೆ ಕಡಲೆಕಾಳಿನಷ್ಟು ಗಾತ್ರದ ಒಂದು ಹರಳು ತಾಗಿತು. ಅದನ್ನು ಆಯ್ದು ಅಂಗಿಯ ಜೇಬಿಗೆ ಹಾಕಿಕೊಂಡ. ಆ ಜಾಗವನ್ನು ಇನ್ನೊಮ್ಮೆ ಸವರಿ ನೋಡಿ, “ಈಗ ಇಳಸ್ರಿ,” ಎಂದು ಎರಡೂ ಕೈಗಳನ್ನು ಮೇಲಕ್ಕೆ ಚಾಚಿದ.