ಚಿಕ್ಕಸಿದ್ದಮ್ಮನ ಜೇನಿಗೆ ನಾನು ಮಾಡಿದ್ದು

ಸಿಹಿಗುಂಬಳ ಹೂ ಬಿಡುವ ಹೊತ್ತಿಗೆ ಸರಿಯಾಗಿ ಕೆಂಪು ದುಂಬಿಯೂ ಬರುತ್ತದೆ. ನಾಲ್ಕೇ ದಿನದಲ್ಲಿ ಎಲೆಯೆಲ್ಲ ಜರಡಿ. ಇದು ನಿಮಗೂ ಗೊತ್ತಿರುವ ಕಾಟವೇ. ಕಳೆದ ವರ್ಷ ಅಂತರಸಂತೆ ಪಕ್ಕದ ನನ್ನ ಒಂದೆಕರೆ ಕುಂಬಳಕ್ಕೂ ಹಾಗೇ ಆಯಿತು. ನಾನು ಕಂಠಪ್ಪ. ಊರಿಗೆಲ್ಲ ಬುದ್ಧಿ ಹೇಳಿಕೊಂಡು ತಿರುಗುವ ಮನುಷ್ಯ. ಈಗ ನನ್ನ ಬುದ್ಧಿಗೇಡಿತನವನ್ನು ಹೇಳಲು ನಾಚಿಕೆಯಾಗುತ್ತಿದೆ, ಆದರೂ ಹೇಳುತ್ತೇನೆ.

ನನ್ನ ಹೊಲದ ಬದು ದಾಟಿದರೆ ಚಿಕ್ಕಸಿದ್ದಮ್ಮ ಅವರ ಅರ್ಧ ಎಕರೆ. ಅಲ್ಲಿ ಹೊಂಗೆ ಮರದ ನೆರಳಿನಲ್ಲಿ ಮೂರು ಜೇನು ಪೆಟ್ಟಿಗೆ ಇದ್ದವು. ತರಬೇತಿ ಪಡೆದು, ಒಂದು ಪೆಟ್ಟಿಗೆಯಿಂದ ಶುರು ಮಾಡಿ, ನಾಲ್ಕು ವರ್ಷದಲ್ಲಿ ಮೂರು ಮಾಡಿಕೊಂಡಿದ್ದರು. ಇರುವೆ ಹತ್ತಬಾರದೆಂದು ಪೆಟ್ಟಿಗೆಯ ಕಾಲಿನ ಕೆಳಗೆ ನೀರಿನ ಬಟ್ಟಲು ಇಟ್ಟು, ದಿನಾ ಬಂದು ತುಂಬುತ್ತಿದ್ದರು. ಅವರು ನನ್ನನ್ನು ಕೇಳಿದ್ದು ಒಂದೇ ಉಪಕಾರ.

"ಕಂಠಪ್ಪೋರೆ, ಔಸ್ದಿ ಹೊಡ್ಯೋ ಹಿಂದಿನ್ ದಿನ ಒಂದ್ ಮಾತು ಹೇಳ್ಬುಡಿ. ಸಂಜೆ ಹುಳ ಎಲ್ಲ ಒಳೀಕೆ ಬಂದ್ಮೇಲೆ ಪೆಟ್ಗೆ ಬಾಗ್ಲು ಮುಚ್ಕತೀನಿ."

"ಆಯ್ತು ಬುಡು" ಅಂದಿದ್ದೆ.

ಔಷಧಿ ತಂದಿಟ್ಟ ದಿನ ಸಂಜೆ ನನ್ನ ಹೆಂಡತಿ ಪ್ರೇಮಮ್ಮ ಕೇಳಿದಳು, "ಚಿಕ್ಕಸಿದ್ದಮ್ಮಂಗೆ ಹೇಳುದ್ರಾ?"

"ಹುಳಕ್ಕೋಸ್ಕರ ನಾನು ಅವರ ಬೀದಿಗೆ ಓಗ್ಬೇಕಾ? ಆ ಹುಳ ಬದುಕೋದೇ ಒಂದೂವರೆ ತಿಂಗ್ಳು ಅಂತ ಸಂಘದಲ್ಲಿ ಕೇಳ್ಕ ಬಂದೋಳು ನೀನೇ ಅಲ್ವಾ? ಇವತ್ತು ಸತ್ರೇನು, ಮುಂದಿನ್ ತಿಂಗ್ಳು ಸತ್ರೇನು?"

"ನಾನು ಪೂರ್ತಿ ಹೇಳೋಕ್ ಮುಂಚೆನೇ ಎದ್ದೋದ್ರಲ್ಲ ನೀವು."

"ಸುಮ್ಕಿರು ಸಾಕು."

ನಮ್ಮ ಬೀದಿಯವರು ಅವರ ಬೀದಿಗೆ ಹೋಗುವುದು ಕೂಲಿಗೆ ಕರೆಯಲು ಮಾತ್ರ. ಫೋನ್ ಮಾಡೋಣವೆಂದರೆ ಅವರ ನಂಬರೇ ನನ್ನ ಹತ್ತಿರ ಇರಲಿಲ್ಲ. ಹತ್ತು ವರ್ಷದಿಂದ ಪಕ್ಕದ ಹೊಲದವರು, ಒಂದು ದಿನವೂ ಕೇಳಿ ಇಟ್ಟುಕೊಂಡಿರಲಿಲ್ಲ. ನಿಜ ಹೇಳಬೇಕೆಂದರೆ, ಹುಳದ ಆಯಸ್ಸು ಬರೀ ನೆಪ.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ಔಷಧಿ ಕ್ಯಾನು ಬೆನ್ನಿಗೇರಿಸಿದೆ. ಕುಂಬಳದ ಹೂ ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುತ್ತದೆ. ಹೂವಿನೊಳಗೆ ಜೇನುಹುಳ ಹೊರಳಾಡುತ್ತಿದ್ದದ್ದು ಕಣ್ಣಿಗೆ ಕಂಡಿತು. ಕಂಡೂ ಹೊಡೆದೆ.

ಹತ್ತು ಗಂಟೆಗೆ ಬದುವಿನ ಹತ್ತಿರ ಹೋದರೆ ಚಿಕ್ಕಸಿದ್ದಮ್ಮ ನೆಲದ ಮೇಲೆ ಕುಳಿತಿದ್ದರು. ಪೆಟ್ಟಿಗೆಗಳ ಮುಂದೆ ಸತ್ತ ಹುಳ ಹಾಸಿ ಬಿದ್ದಿತ್ತು. ಕೆಲವು ನಾಲಿಗೆ ಚಾಚಿಕೊಂಡು ಇನ್ನೂ ಒದ್ದಾಡುತ್ತಿದ್ದವು. ಅವರು ಅವನ್ನು ಒಂದೊಂದಾಗಿ ಮೊರಕ್ಕೆ ಹಾಕುತ್ತಿದ್ದರು. ಬಾಯಿಗೆ ಬಂದಂತೆ ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ.

"ಎಂಗೂ ಒಂದೂವರೆ ತಿಂಗ್ಳ ಹುಳ ಅಲ್ವಾ ಸಿದ್ದಮ್ಮ, ಇನ್ನೊಂದಷ್ಟು ಹುಟ್ಕತವೆ ಬುಡು" ಅಂದೆ. ಆ ಮಾತು ನೆನೆದರೆ ಇವತ್ತಿಗೂ ಮೈ ಹಿಡಿಯಾಗುತ್ತದೆ.

ಅವರು ಎದ್ದು ಪೆಟ್ಟಿಗೆಯಿಂದ ಒಂದು ಮೇಣದ ಎರಿ ಎತ್ತಿ ತೋರಿಸಿದರು. ಕೋಣೆಕೋಣೆಯಲ್ಲೂ ಬಿಳಿ ಮರಿ.

"ಒಂದೂವರೆ ತಿಂಗ್ಳು ಅನ್ನೋದು ಒಂದ್ ಹುಳದ ಆಯಸ್ಸು ಕಣ್ರೀ. ಸಂಸಾರದ ಆಯಸ್ಸು ಅಂಗಲ್ಲ. ಹುಟ್ಟಿದ್ ಹುಳ ಮೊದಲ್ ಮೂರು ವಾರ ಒಳಗೇ ಇರ್ತದೆ. ಗುಡಿಸ್ತದೆ, ಎರಿ ಕಟ್ತದೆ, ಈ ಮರಿಗಳ್ಗೆ ಉಣ್ಣಿಸ್ತದೆ. ಆಮೇಲೇನೆ ಹೊರಗಡೆ ದುಡ್ಮೆ. ರಾಣಿ ಎರಡು ಮೂರು ವರ್ಷ ಬದುಕ್ತಾಳೆ, ಕಾಲ ಚೆನ್ನಾಗಿದ್ರೆ ದಿನಾ ನೂರಾರು ಮೊಟ್ಟೆ ಇಕ್ತಾಳೆ. ಅವಳಿಗೆ ವಯಸ್ಸಾದ್ರೆ ಇವೇ ಇನ್ನೊಬ್ಬ ರಾಣಿನ ಸಾಕ್ಕತವೆ. ಸಾಯೋಷ್ಟು ಹುಟ್ತಾ ಇದ್ರೆ ಮನೆ ವರ್ಷಗಟ್ಲೆ ನಡೀತದೆ. ನೀವು ದುಡ್ಯೋವ್ನೆಲ್ಲ ಒಂದೇ ಬೆಳಿಗ್ಗೆ ಕೊಂದಾಕುದ್ರಿ. ಇನ್ನು ಇವಕ್ಕೆ ಯಾರು ತಂದಾಕ್ತಾರೆ?"



ವಾರದೊಳಗೆ ಎರಡು ಪೆಟ್ಟಿಗೆ ಖಾಲಿಯಾದವು. ಮೂರನೆಯದರಲ್ಲಿ ರಾಣಿ ಉಳಿದಿತ್ತು, ಜೊತೆಗೆ ಒಂದು ಹಿಡಿಯಷ್ಟು ಹುಳ. ಪ್ರೇಮಮ್ಮ ನನ್ನೊಂದಿಗೆ ಮಾತು ಬಿಟ್ಟಿದ್ದಳು. ತಟ್ಟೆ ಇಟ್ಟು ಆಚೆ ಹೋಗುವಳು. ಕೊನೆಗೆ ಎರಡು ಕೆ.ಜಿ. ಸಕ್ಕರೆ ಹಿಡಿದು ಚಿಕ್ಕಸಿದ್ದಮ್ಮ ಅವರ ಮನೆಗೆ ನಡೆದೆ. ನಡೆದರೆ ಐದೇ ನಿಮಿಷದ ದಾರಿ. ಜಗಲಿಯ ಮುಂದೆ ತಲೆ ತಗ್ಗಿಸಿ ನಿಂತೆ.

"ತಪ್ಪಾಯ್ತು ಕಣಮ್ಮ."

"ಈ ಮಾತು ಅವತ್ತೇ ಬರ್ಬೇಕಿತ್ತು" ಅಂದರು. ಆಮೇಲೆ ಜಗಲಿ ತೋರಿಸಿ, "ಸಕ್ರೆ ಅಲ್ಲಿಡಿ. ಪಾಕ ಮಾಡಿ ಹುಳಕ್ಕೆ ಇಡ್ತೀನಿ. ಆದ್ರೆ ಮೊಟ್ಟೆ ಹುಳ ಆಗೋಕೆ ಮೂರು ವಾರ ಬೇಕು. ಅವು ದುಡ್ಯಕ್ಕೆ ಓಗೋಕೆ ಇನ್ನೂ ಮೂರು ವಾರ. ಅಲ್ಲೀಗಂಟ ನಿಮ್ ಕ್ಯಾನು ಬೆನ್ನಿಗೇರ್ಬಾರ್ದು."

ಅವರ ನಂಬರ್ ಬರೆದುಕೊಂಡು, ನನ್ನದೂ ಕೊಟ್ಟು ಬಂದೆ. ಕ್ಯಾನು ಅಟ್ಟಕ್ಕೆ ಹೋಯಿತು. ಬೆಳಿಗ್ಗೆ ತಂಪಿನಲ್ಲಿ ದುಂಬಿ ಜಡವಾಗಿ ಎಲೆ ಮೇಲೆ ಕುಳಿತಿರುತ್ತದೆ. ನಾನೂ ಪ್ರೇಮಮ್ಮನೂ ಅದನ್ನು ಕೈಯಲ್ಲೇ ಹಿಡಿದು ಸೋಪಿನ ನೀರಿನ ಬಕೆಟ್ಟಿಗೆ ಹಾಕಿದೆವು, ಎಲೆಗೆ ಒಲೆಯ ಬೂದಿ ಚೆಲ್ಲಿದೆವು. ಬಳ್ಳಿ ಉಳಿಯಿತು. ಆದರೆ ಹೂವಿಗೆ ಬರುವ ಹುಳವೇ ಕಡಿಮೆಯಾಗಿತ್ತಲ್ಲ, ಬಿಟ್ಟ ಹೀಚೆಲ್ಲ ಹಳದಿಯಾಗಿ ಉದುರಿದವು. ನನ್ನ ಕುಂಬಳ ಕಾಯಾಗುತ್ತಿದ್ದದ್ದೂ ಅವರ ಹುಳದಿಂದಲೇ ಎಂದು ಆಗ ತಿಳಿಯಿತು. ಅಷ್ಟು ವರ್ಷ ಪುಕ್ಕಟೆ ದುಡಿಸಿಕೊಂಡು ವಿಷ ಕೊಟ್ಟಿದ್ದೆ.

ಔಷಧಿ ಹೊಡೆದು ತಿಂಗಳಾಗುತ್ತಾ ಬಂದಾಗ ಚಿಕ್ಕಸಿದ್ದಮ್ಮ ಫೋನ್ ಮಾಡಿ ಕರೆದರು. ಉಳಿದ ಪೆಟ್ಟಿಗೆಯ ಬಾಗಿಲಲ್ಲಿ ಎಳೆಯ ಹುಳಗಳು ಮನೆ ಕಡೆಗೇ ಮುಖ ಮಾಡಿ ಹಾರಾಡುತ್ತಿದ್ದವು, ಜಾಗ ಗುರುತು ಹಿಡಿಯಲು.

"ನೀವು ಔಸ್ದಿ ಹೊಡೆದ್ ದಿನ ಇವು ಮೊಟ್ಟೆ" ಎಂದರು. ಖಾಲಿ ಪೆಟ್ಟಿಗೆಗಳ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ. ಅವು ಈಗಲೂ ಖಾಲಿಯೇ ಇವೆ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಹೂ ಅರಳಿರುವಾಗ ಔಷಧಿ ಹೊಡೆಯಬೇಡಿ. ಬೇರೆ ದಾರಿಯೇ ಇಲ್ಲವೆಂದರೆ ಕೃಷಿ ಇಲಾಖೆಯವರನ್ನು ಕೇಳಿ, ಸಂಜೆ ಹೂ ಮುಚ್ಚಿ ಹುಳ ಗೂಡು ಸೇರಿದ ಮೇಲೆ ಹೊಡೆಯಿರಿ. ಸುತ್ತಮುತ್ತ ಜೇನು ಸಾಕಿದವರಿಗೆ ಹಿಂದಿನ ದಿನವೇ ತಿಳಿಸಿ. ಅವರ ನಂಬರ್ ನಿಮ್ಮ ಹತ್ತಿರ ಇಲ್ಲವೇ? ಇವತ್ತೇ ಅವರ ಮನೆಗೆ ಹೋಗಿ ಕೇಳಿ. ಆ ಮನೆ ಯಾವ ಬೀದಿಯಲ್ಲಿದ್ದರೂ ಹೋಗಿ. ಆಮೇಲೆ ಹೋಗಿ ತಲೆ ತಗ್ಗಿಸಿ ನಿಲ್ಲುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು.