ಹಸಿ ಬಣ್ಣ

ಕಾಸೀಮಸಾಬ ಬೇವಿನ ಕಡ್ಡಿಯ ತುದಿಯಿಂದ, ತೀರಿಕೊಂಡ ತಮ್ಮ ಆರೀಫನ ಹೆಬ್ಬೆರಳಿನ ಉಗುರನ್ನು ಕೆದರುತ್ತಿದ್ದ.

"ಮೆಲ್ಲಕ ತಗೀಪಾ," ಎಂದರು ಮಯ್ಯತ್ತಿಗೆ ಸ್ನಾನ ಮಾಡಿಸಲು ಬಂದಿದ್ದ ಮೂಡಲಗಿಯ ಚಾಚಾ. "ಬಣ್ಣ ಕುಂತ್ರ ಉಗರಿಗೆ ನೀರು ಮುಟ್ಟಂಗಿಲ್ಲ. ಅಲ್ಲೋ, ಬಣ್ಣ ನಿನ್ನ ಉಗರಾಗ ಇರೂದು. ಇಂಗ್ಲಿಷ್ ಮಾಸ್ತರಗ ಎಲ್ಲಿಂದ ಬಂತು?"

ಕಾಸೀಮ ಉಗುರಿನ ಸಂದಿಗೆ ಮತ್ತೆ ಕಡ್ಡಿ ತೂರಿಸಿದ. ಆ ಹಳದಿ ಅವನದೇ ಡಬ್ಬಿಯದು.

*

ಗೋಕಾಕದ ಆ ಮನೆಯಲ್ಲಿ ಕಟ್ಟಿಗೆಯ ಹಣ್ಣುಗಳಿಗೆ ಬಣ್ಣ ಹಚ್ಚುವುದು ಮೂರು ತಲೆಮಾರಿನ ಕಸಬು. ಹತ್ತು ವರ್ಷದ ಆರೀಫನ ಕೈಯಿಂದ ಅಪ್ಪ ಕುಂಚ ಕಸಿದುಕೊಂಡಿದ್ದ. "ನಿನಗ ಇದು ಒಲಿಯಂಗಿಲ್ಲ. ನೀ ಸಾಲಿ ಕಲಿ. ಬಣ್ಣ ಕಾಸೀಮಂದು."

ಆರೀಫ ಕಲಿತ. ಹನೋಯ್‌ಗೆ ಹೋಗಿ ಹನ್ನೊಂದು ವರ್ಷ ಅಲ್ಲಿಯ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ. ಫೋನಿನಲ್ಲಿ ಕೆರೆ ದಂಡೆಯ ದೀಪಗಳನ್ನೂ ಸ್ಕೂಟರುಗಳ ಹೊಳೆಯನ್ನೂ ತೋರಿಸುತ್ತಿದ್ದ. ತಾಯಿ ಮೈನಾಬಿ ಕಪಾಟಿನ ಮೇಲಿದ್ದ ಕಾಸೀಮನ ಹಣ್ಣಿನ ಬುಟ್ಟಿ ಸರಿಸಿ, ಅಲ್ಲಿ ಆರೀಫನ ತರಗತಿಯ ಫೋಟೊ ಇಟ್ಟಳು. ಬುಟ್ಟಿ ಅಟ್ಟ ಸೇರಿತು. ಇರಲಿ, ಬಣ್ಣವಾದರೂ ನನ್ನದು ಎಂದುಕೊಂಡ ಕಾಸೀಮ.

ಈ ಸಲ ತಮ್ಮ ರಜೆಗೆ ಬಂದಾಗ, ಅವನೆದುರು ಕಟ್ಟಿಗೆಯ ಹಣ್ಣು ಹಿಡಿದು ಕೂರಲು ನಾಚಿ, ಕಾಸೀಮ ಹದಿನೈದು ದಿನ ಕೆಲಸದ ಕೋಣೆಗೇ ಕಾಲಿಟ್ಟಿರಲಿಲ್ಲ. ನಿನ್ನೆ ಸಂಜೆ ಆರೀಫನ ಹೃದಯ ನಿಂತಿತು.

*

ಕಬರಸ್ತಾನದವರೆಗೂ ಮಂದಿ ತುಂಬಿದ್ದರು. ಹೆಗಲು ಕೊಟ್ಟು ನಡೆಯುತ್ತಲೇ ಕಾಸೀಮ ಹಿಂದೆ ತಿರುಗಿ ನೋಡಿದ. ತನ್ನ ಮಯ್ಯತ್ತಿಗೆ ಇದರ ಅರ್ಧವೂ ಬರಲಿಕ್ಕಿಲ್ಲ.

ಮಣ್ಣು ಕೊಟ್ಟು ಬಂದಾಗ, ಚಾಪೆ ತರಲು ಕೆಲಸದ ಕೋಣೆಗೆ ಹೋಗಿದ್ದ ಯಾಸ್ಮೀನ, ಹುಕ್ಕೇರಿಯ ತಂಗಿಯ ಮಗಳು, ಹಳೆಯ ಪೇಪರಿನ ಮೇಲೆ ಒಂದು ಮಾವಿನಹಣ್ಣು ಇಟ್ಟುಕೊಂಡು ಬಂದಳು.

"ಮಾಮು, ಇದು ಕಟ್ಟಿಗಿದರೀ? ಖರೆ ಹಣ್ಣಂತ ಕೈ ಹಾಕಾಕ ಹೋಗಿದ್ನಿ!"

ತೊಟ್ಟಿನ ಬಳಿ ಸೊನೆ ಸೋರಿದ ಕಲೆ. ಒಂದು ಬದಿಗೆ ಮಾತ್ರ ಬಿಸಿಲು ತಾಗಿದ ಕೆಂಪು. ನಲವತ್ತು ವರ್ಷದಲ್ಲಿ ಆ ಕೆಂಪು ಕಾಸೀಮನ ಕೈಗೆ ಹತ್ತಿರಲಿಲ್ಲ.

"ಯಾರು ಮಾಡಿದ್ದು?" ಗೋಡೆಗೆ ಒರಗಿದ್ದ ಮೈನಾಬಿ ಕೇಳಿದಳು.

"ನಂದ ಅದು, ಅಮ್ಮಾ," ಎಂದ ಕಾಸೀಮ.

ಮೈನಾಬಿ ಹಣ್ಣನ್ನು ಸವರಿದಳು. ಹಸಿ ಹಳದಿ ಬೆರಳಿಗೆ ಹತ್ತಿತು. ಅದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮಗನನ್ನು ಹತ್ತಿರ ಕೂರಿಸಿಕೊಂಡು, ಅವನ ಎರಡೂ ಕೈಗಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು.

ಹತ್ತೂ ಉಗುರುಗಳು ಬೆಳ್ಳಗಿದ್ದವು.