ಮುಚ್ಚಿದ ಕಿಟಕಿಗೆ ಕಾದಿಟ್ಟ ಜಾಗ

ಒಳಗಿನ ಕಿಟಕಿ ಮುಚ್ಚಿಕೊಂಡರೆ ಹೊರಗಿನದು ಅದನ್ನು ಮರೆತುಬಿಡಬೇಕೆ, ಇಲ್ಲ ಮತ್ತೆ ತೆರೆದೀತೆಂದು ಅದರ ಜಾಗವನ್ನು ಹಾಗೆಯೇ ಹಿಡಿದಿಟ್ಟುಕೊಳ್ಳಬೇಕೆ? ಮರೆಯುವುದೇ ಸರಿ ಎಂದು ಅವನಿಗೆ ಗೊತ್ತಿತ್ತು. ಆದರೂ ಕೀಲಿಮಣೆಯ ಮೇಲೆ ಬೆರಳು ಓಡಲಿಲ್ಲ.

ಮಕ್ಕಳು ಕನ್ನಡದಲ್ಲೇ ಪ್ರೋಗ್ರಾಂ ಬರೆಯುವಂಥ ತಂತ್ರಾಂಶವೊಂದನ್ನು ಗಂಡ ಹೆಂಡತಿ ಇಬ್ಬರೇ ಕೂತು ಕಟ್ಟುತ್ತಿದ್ದರು. ಪರದೆಯ ತುಂಬ ಒಂದು ದೊಡ್ಡ ಕಿಟಕಿ. ಅದರೊಳಗೆ ಬರೆಯಲೊಂದು, ಚಿತ್ರಕ್ಕೊಂದು, ತಪ್ಪು ತೋರಿಸಲೊಂದು ಸಣ್ಣ ಕಿಟಕಿ. ಹೊರಗಿನದು ಅವನ ಪಾಲು, ಒಳಗಿನವು ಅವಳ ಪಾಲು. ಒಳಗಿನವು ತಮ್ಮತಮ್ಮಲ್ಲಿ ಮಾತಾಡುವಂತಿಲ್ಲ, ಏನಿದ್ದರೂ ಹೊರಗಿನದಕ್ಕೆ ಹೇಳಬೇಕು ಎಂಬುದು ಅವನ ನಿಯಮ. ಆ ಮಾತುಗಳಿಗೆ ಹೆಸರಿಟ್ಟವಳು ಅವಳು. ಮುಚ್ಚಿಕೊಳ್ಳುವ ಕಿಟಕಿ ಕಳಿಸುವ ಸಂದೇಶಕ್ಕೆ 'ಬರ್ತೀನಿ' ಎಂದು ಹೆಸರಿಟ್ಟಿದ್ದಳು.

ಅವನು ಅದನ್ನು ನಂಬಿದ್ದ. ಬರುತ್ತೇನೆಂದ ಕಿಟಕಿಗೆಲ್ಲ ಜಾಗ ಕಾದಿಟ್ಟ. ಮುಚ್ಚಿದವೆಲ್ಲ ಕಣ್ಣಿಗೆ ಕಾಣದೆ ಒಳಗೇ ತುಂಬಿಕೊಂಡು ಯಂತ್ರ ಉಸಿರು ಕಟ್ಟಿ ನಿಲ್ಲುತ್ತಿತ್ತು. ಕಾರಣ ತಿಳಿದಾಗ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. "ಹೊರಡೋರು ಬರ್ತೀನಿ ಅಂತಾನೇ ಕಣೋ ಹೇಳೋದು. ಹೋಗ್ತೀನಿ ಅಂತ ಯಾರಾದ್ರೂ ಅಂತಾರಾ, ದಡ್ಡ?"

ನಾಳೆ ತಿದ್ದಿದರಾಯಿತು ಎಂದು ಅವನು ಮುಂದಕ್ಕೆ ಹಾಕಿದ. ಅಷ್ಟರಲ್ಲಿ ಮನೆಯಲ್ಲಿ ಮಾತು ಕಡಿಮೆಯಾಗುತ್ತ ಬಂತು. ಅವಳು ಕೇಳಿದ್ದಕ್ಕೆ ಹ್ಞೂಂ ಎನ್ನುತ್ತಿದ್ದ. ಕೇಳದಿದ್ದರೆ ಅದೂ ಇಲ್ಲ. ಕಿಟಕಿಗಳಿಗೆ ಮಾತು ಕಲಿಸುತ್ತೀಯ, ನಿನಗೆ ಯಾರು ಕಲಿಸಬೇಕು ಎಂದು ಒಮ್ಮೆ ಚುಚ್ಚಿದ್ದಳು. ಈಗ ಅವಳು ತನ್ನ ಅಕ್ಕನ ಊರಲ್ಲಿ ಕೆಲಸ ಹಿಡಿದಿದ್ದಾಳೆ. ಬಾಗಿಲ ಬಳಿ ಎರಡು ಪೆಟ್ಟಿಗೆ. ಹೋಗಬೇಡ ಎಂದು ನೀನು ಅಂದರೆ ಉಳಿಯುತ್ತೇನೆ ಎಂದು ನಿನ್ನೆ ತಾನಾಗಿಯೇ ಹೇಳಿದ್ದಳು.

ಹೊರಡುವ ಮುನ್ನ ಇದೊಂದನ್ನು ಮುಗಿಸಿಬಿಡೋಣ ಎಂದು ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತಳು.

"ಏನು ಮಾಡೋಣ ಹೇಳು. ಜಾಗ ಇಟ್ಕೊಂಡಿರೋದಾ, ಬಿಡೋದಾ?"

ಪರದೆ ಎದುರಿಗಿದ್ದರೂ ಅವಳ ಕಣ್ಣು ಅವನ ಮೇಲಿತ್ತು.

"ಬಿಡೋದೇ ಸರಿ," ಅಂದ. "ಇಲ್ಲಾಂದ್ರೆ ಮುಂದೆ ಹೋಗಲ್ಲ."

ಹೇಳಿದ್ದು ಕಿಟಕಿಯ ಮಾತು. ಬಾಯಿಂದ ಬಿದ್ದ ಮೇಲೆ ಅದು ಅವಳಿಗೆ ಹೇಗೆ ಕೇಳಿಸಿತೆಂಬುದು ಅವನಿಗೆ ಹೊಳೆಯಿತು. ಆಗಲಾದರೂ ಮಾತನ್ನು ತಿದ್ದಬಹುದಿತ್ತು. ಅವನು ಪರದೆಯ ಮೇಲಿನ ಸಾಲನ್ನು ತಿದ್ದಿದ. ಅವಳು ಕಿಟಕಿಗಳನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ನೋಡಿದಳು. ಎಲ್ಲೂ ತಡವರಿಸಲಿಲ್ಲ.

"ಸರಿಹೋಯ್ತು ನೋಡು," ಅಂದಳು. ದನಿ ಸಣ್ಣಗಾಗಿತ್ತು.

ಪೆಟ್ಟಿಗೆಗಳಲ್ಲಿ ಭಾರದ್ದನ್ನು ಅವನೇ ಕೆಳಗಿನವರೆಗೆ ಹೊತ್ತುಕೊಟ್ಟ. ಮೆಟ್ಟಿಲುದ್ದಕ್ಕೂ ಅವಳು ಹಿಂದೆಯೇ, ನಿಧಾನವಾಗಿ ಇಳಿದು ಬಂದಳು.

ಹೋಗಬೇಡ ಎಂದು ಅವನು ಹೇಳಲೇ ಇಲ್ಲ.